ಬಿಳಿಚಿದ ಹವಳ ಮತ್ತೆ ಚಿಗುರುತ್ತಾ? ನೀರನ್ನು ಕೇಳಬೇಕು

ಪ್ರಶ್ನೆ: ಸರ್, ನಾವು ಮೂಡಿಗೆರೆ ಕಡೆಯವರು, ಕಾಫಿ, ಮೆಣಸು ಇದೆ. 2024ರ ಏಪ್ರಿಲ್‌ನಲ್ಲಿ ಮನೆಯವರೆಲ್ಲ ಲಕ್ಷದ್ವೀಪದ ಕಡಮತ್‌ಗೆ ಹೋಗಿದ್ದೆವು. ನೀರೊಳಗೆ ಹವಳ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಸಮುದ್ರ ಬಿಸಿಯಾಗಿ ಹೀಗಾಗಿದೆ ಅಂತ ಗೈಡ್ ಹೇಳಿದ. ಈಗ ಅಲ್ಲಿಗೆ ಹೋಗಿ ಬಂದ ನೆಂಟರು ಫೋಟೋ ತೋರಿಸಿದರು. ಕೆಲವು ಕಡೆ ಬಣ್ಣ ವಾಪಸ್ ಬಂದಿದೆ, ಕೆಲವು ಕಡೆ ಬರೀ ಪಾಚಿ. ನೀರು ಚೆನ್ನಾಗಿದ್ದರೆ ಹವಳ ಚೇತರಿಸಿಕೊಳ್ಳುತ್ತದೆ ಅಂತ ಎಲ್ಲೋ ಓದಿದ್ದೆ. ಆದರೆ ಅಲ್ಲಿ ಒಂದು ಹೊಳೆಯೂ ಇಲ್ಲ, ನೀರು ಗಾಜಿನ ಹಾಗಿದೆ. ಹಾಗಿದ್ದ ಮೇಲೆ ನೀರಿನ ಮಾತು ಯಾಕೆ? ಇನ್ನೊಂದು, ನಮ್ಮ ತೋಟದ ಗೊಬ್ಬರ, ಔಷಧಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಹೇಮಾವತಿ ಸೇರಿ ಕೊನೆಗೆ ಹವಳಕ್ಕೆ ತೊಂದರೆ ಮಾಡುತ್ತಾ?

ಉತ್ತರ: ಗೈಡ್ ಹೇಳಿದ್ದು ಸರಿ. ನೀವು ಓದಿದ್ದೂ ಸರಿ. ಅವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ, ಅಷ್ಟೆ. ಹವಳ ಬಿಳಿಚಿದ್ದು ಯಾಕೆ ಅಂದರೆ ಬಿಸಿಗೆ. ಬಿಳಿಚಿದ್ದು ಎದ್ದು ನಿಲ್ಲುತ್ತಾ, ಸತ್ತ ಜಾಗದಲ್ಲಿ ಹೊಸದು ಬರುತ್ತಾ ಅಂದರೆ, ಅಲ್ಲಿ ನೀರಿನ ಮಾತು ಬರುತ್ತದೆ. ಬೆಳೆಗಾರರಿಗೆ ಇದನ್ನು ಹೇಳೋದು ಸುಲಭ. ಮಾರ್ಚ್‌ನಲ್ಲಿ ಮಳೆ ಕೈಕೊಟ್ಟು ಗಿಡ ಬಾಡಿದರೆ ಅದು ಮಣ್ಣಿನ ತಪ್ಪಲ್ಲ. ಆದರೆ ಮಳೆ ಬಿದ್ದ ಮೇಲೆ ಯಾವ ಗಿಡ ಚಿಗುರುತ್ತದೆ, ಯಾವುದು ಸೌದೆಯಾಗುತ್ತದೆ ಅನ್ನೋದರಲ್ಲಿ ಮಣ್ಣಿನ ಪಾಲು ದೊಡ್ಡದು, ಅಲ್ವಾ?

ನಾನು ಹುಟ್ಟಿದ್ದು ಸಕಲೇಶಪುರದ ಹತ್ತಿರ. ಹವಳ ಅಂದರೆ ಅಜ್ಜಿಯ ಕೊರಳಿನ ಕೆಂಪು ಸರ ಅಂತಷ್ಟೇ ಗೊತ್ತಿತ್ತು. ಆ ಕೆಂಪು ಹವಳ ಬೇರೆ, ಮೆಡಿಟರೇನಿಯನ್ ಸಮುದ್ರದ ಕಡೆಯದು. ನೀವು ಕಡಮತ್‌ನಲ್ಲಿ ನೋಡಿದ್ದು ದಿಬ್ಬ ಕಟ್ಟುವ ಹವಳ. ನೋಡೋಕೆ ಗಿಡ, ಮುಟ್ಟಿದರೆ ಕಲ್ಲು, ಆದರೆ ನಿಜಕ್ಕೂ ಪ್ರಾಣಿ. ಸಾಸಿವೆ ಕಾಳಿನಿಂದ ಹಿಡಿದು ಅಂಗಿ ಗುಂಡಿಯಷ್ಟು ಗಾತ್ರದ ಸಾವಿರಾರು ಪುಟ್ಟ ಜೀವಿಗಳು ಒಟ್ಟಿಗೆ ಕೂತು ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡುತ್ತದೆ, ಅದರಲ್ಲಿ ಬಹುಪಾಲು ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ರವರೆಗೂ ಈ ಬಾಡಿಗೆದಾರನಿಂದಲೇ ಬರಬಹುದು. ಬಣ್ಣವೂ ಬಹುತೇಕ ಅದರದ್ದೇ.

ಆ ಜಾಗದ ಬೇಸಿಗೆಯ ಮಾಮೂಲಿ ಗರಿಷ್ಠ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಈ ಸಂಸಾರ ಕೆಡುತ್ತದೆ. ಬಿಸಿಗೆ ಪಾಚಿ ವಿಷ ಹುಟ್ಟಿಸೋಕೆ ಶುರು ಮಾಡುತ್ತದೆ, ಹವಳ ಅದನ್ನು ಹೊರಗೆ ಹಾಕುತ್ತದೆ. ಆಮೇಲೆ ಉಳಿಯೋದು ಪಾರದರ್ಶಕ ಚರ್ಮ, ಅದರಡಿಯ ಬಿಳಿ ಸುಣ್ಣ. ನೀವು ನೋಡಿದ ಬಿಳಿ ಅದು. ಆ ದಿನ ಅವು ಸತ್ತಿರಲಿಲ್ಲ, ಹಸಿದಿದ್ದವು. ವಾರಗಳೊಳಗೆ ಬಿಸಿ ಇಳಿದರೆ ಪಾಚಿ ಮತ್ತೆ ಸೇರಿಕೊಳ್ಳುತ್ತದೆ. ಇಳಿಯದಿದ್ದರೆ ಉಪವಾಸದಲ್ಲೇ ಸಾಯುತ್ತವೆ. ನೀವು ಹೋದ ಏಪ್ರಿಲ್‌ನಲ್ಲೇ ಜಗತ್ತಿನ ನಾಲ್ಕನೇ ದೊಡ್ಡ ಬಿಳಿಚುವಿಕೆ ನಡೀತಾ ಇದೆ ಅಂತ ವಿಜ್ಞಾನಿಗಳು ಘೋಷಿಸಿದ್ದು. 2023ರಿಂದ 2025ರೊಳಗೆ ಜಗತ್ತಿನ ಹವಳದ ದಿಬ್ಬಗಳ ಸುಮಾರು 84% ಜಾಗಕ್ಕೆ ಬಿಳಿಚುವಷ್ಟು ಬಿಸಿ ತಟ್ಟಿತು.

ಇಲ್ಲಿ ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ, ಯಾಕಂದರೆ ಹವಳದ ಬಗ್ಗೆ ಮಾತಾಡುವ ನಮ್ಮಂಥವರೇ ಕೆಲವರು ಇದನ್ನು ಹೇಳದೆ ನುಂಗಿಕೊಳ್ಳುತ್ತಾರೆ. ನೀರು ಎಷ್ಟೇ ಚೊಕ್ಕಟವಾಗಿದ್ದರೂ ಜೋರು ಬಿಸಿಯಿಂದ ಹವಳವನ್ನು ಕಾಪಾಡೋಕೆ ಆಗಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿಂದಿದ್ದು ಉತ್ತರದ ತುದಿ. ಊರಿಲ್ಲ, ಕಬ್ಬಿನ ಗದ್ದೆ ಇಲ್ಲ, ನೀರು ಅತ್ಯಂತ ಶುದ್ಧ. ಆದರೂ ಬೆಂದುಹೋಯಿತು. ಹಾಗಾಗಿ ಕೊಳಚೆ ನಿಲ್ಲಿಸಿದರೆ ಹವಳ ಉಳಿಯುತ್ತೆ ಅಂತ ಯಾರಾದರೂ ಸುಮ್ನೆ ಹೇಳಿದರೆ ನಂಬಬೇಡಿ. ನೀರಿನ ಮುಖ್ಯ ಕೆಲಸ ಶುರುವಾಗೋದು ಬಿಸಿ ಇಳಿದ ಮಾರನೇ ದಿನದಿಂದ.

ಈಗ ಕೆಟ್ಟ ನೀರು ಅಂದರೆ ಏನು? ನಾನು ಚಿಕ್ಕವನಿದ್ದಾಗ ನಮ್ಮ ಮನೆ ಕೆಳಗೆ ಒಂದು ಹಳ್ಳ ಇತ್ತು. ಮೇಲಿನ ತೋಟದ ಪಲ್ಪರ್ ಮನೆಯಿಂದ ಡಿಸೆಂಬರ್, ಜನವರಿಯಲ್ಲಿ ಹಣ್ಣಿನ ಸಿಪ್ಪೆ, ಅಂಟು ತೊಳೆದ ನೀರು ಹಾಗೇ ಬಂದು ಬೀಳುತ್ತಿತ್ತು. ಹಳ್ಳ ಮೊದಲು ಕಂದು, ಆಮೇಲೆ ಕಪ್ಪು. ಕಲ್ಲಿನ ಮೇಲೆ ಲೋಳೆ. ಒಂದು ಬೆಳಗ್ಗೆ ನೋಡಿದರೆ ಏಡಿಗಳು ನೀರು ಬಿಟ್ಟು ದಡದ ಬೇರು ಹತ್ತಿ ಕೂತಿದ್ದವು. ಮೀನು ಬಾಯಿ ಮೇಲೆ ಮಾಡಿಕೊಂಡು ಗುಟುಕು ಗುಟುಕಾಗಿ ಗಾಳಿ ಎಳೀತಾ ಇದ್ದವು. ವಿಷ ಹಾಕಿದ್ದಾರೆ ಅಂತ ಅಪ್ಪ ಅಂದುಕೊಂಡಿದ್ದರು. ವಿಷ ಅಲ್ಲ. ಆ ಸಿಹಿ ಅಂಟನ್ನು ತಿನ್ನೋಕೆ ಬ್ಯಾಕ್ಟೀರಿಯಾ ಮುಗಿಬಿದ್ದು ನೀರಿನಲ್ಲಿದ್ದ ಆಮ್ಲಜನಕ ಪೂರ್ತಿ ಬಳಿದುಬಿಟ್ಟಿದ್ದವು. ಇದನ್ನು ನಾನು ತಿಳಿದುಕೊಂಡಿದ್ದು ಕಾಲೇಜಿಗೆ ಹೋದ ಮೇಲೆ.

ಸಮುದ್ರದಲ್ಲೂ ಇದೇ ನಡೆಯುತ್ತದೆ. 2019ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ನಾಕ್ಟಿಲ್ಯೂಕ ಅನ್ನೋ ಸೂಕ್ಷ್ಮಜೀವಿ ವಿಪರೀತ ಬೆಳೆದು ಸಮುದ್ರ ಹಸಿರು ಬಣ್ಣಕ್ಕೆ ತಿರುಗಿತು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯಿತು. ಮೀನು ಸತ್ತಿದ್ದು ಸುದ್ದಿಯಾಯಿತು. ಅದೇ ನೀರಿನಲ್ಲಿ ಹವಳವೂ ಉಸಿರುಕಟ್ಟಿ ಸತ್ತಿದ್ದನ್ನು ಅಲ್ಲಿ ಮುಳುಗಿ ನೋಡಿದವರು ದಾಖಲಿಸಿದರು. ಏಡಿಗೆ ಕಾಲಿದೆ, ಬೇರು ಹತ್ತಿತು. ಹವಳ ಎಲ್ಲಿಗೆ ಹೋಗಬೇಕು?

ಹೂಳಿನ ವಿಷಯ ಇದಕ್ಕಿಂತ ದೊಡ್ಡದು. ಕೆಂಪು ನೀರು ಎರಡು ರೀತಿ ಕೆಲಸ ಕೆಡಿಸುತ್ತದೆ. ಒಂದು, ಬೆಳಕು ತಡೆಯುತ್ತದೆ, ಪಾಚಿಗೆ ಅಡುಗೆ ಮಾಡೋಕೆ ಆಗಲ್ಲ. ಎರಡು, ಮೈಮೇಲೆ ಕೂರುತ್ತದೆ. ಹವಳ ಸುಮ್ನೆ ಕೂರೋದಿಲ್ಲ, ಲೋಳೆ ಬಿಟ್ಟು ಮಣ್ಣನ್ನು ಅದಕ್ಕೆ ಅಂಟಿಸಿ ಜಾರಿಸುತ್ತದೆ. ಹತ್ತಿರದಿಂದ ನೋಡಿದರೆ ಹವಳದ ಗುಡ್ಡೆಯ ಮೇಲೆ ಜೇಡರ ಬಲೆ ಥರ ಎಳೆ ಎಳೆಯಾಗಿ ಲೋಳೆ ತೂಗಾಡುತ್ತಿರುತ್ತದೆ, ಅದರಲ್ಲಿ ಮಣ್ಣಿನ ಕಣ. ಆದರೆ ಲೋಳೆ ಮಾಡೋಕೂ ಶಕ್ತಿ ಬೇಕಲ್ಲ. ಬಿಳಿಚಿ ಹಸಿದಿರುವ ಹವಳಕ್ಕೆ ದಿನಾ ಮೈ ಗುಡಿಸಿಕೊಳ್ಳುವ ಕೆಲಸವೂ ಬಿದ್ದರೆ ಅದರ ಗತಿ ಏನು, ಯೋಚನೆ ಮಾಡಿ. ಜನರ ಕಾಟ ಇಲ್ಲದ ದಿಬ್ಬಗಳಲ್ಲಿ ಬೀಳುವ ಹೂಳು ಚದರ ಸೆಂಟಿಮೀಟರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗೇ ಇರುತ್ತದೆ ಅನ್ನೋದು ಹಳೆಯ ಲೆಕ್ಕ. ಅಂಗೈ ಅಗಲದ ಜಾಗಕ್ಕೆ ಹೆಚ್ಚೆಂದರೆ ಒಂದು ಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಸ್ವಲ್ಪ ಜಾಸ್ತಿ.

ಮಣ್ಣು ಮಣ್ಣಿನಲ್ಲೂ ವ್ಯತ್ಯಾಸ ಇದೆ. ಜರ್ಮನಿಯ ಬ್ರೆಮೆನ್‌ನ ಸಂಶೋಧಕರು 2012ರಲ್ಲಿ ತೋರಿಸಿದ್ದು ಇದನ್ನೇ. ಬರೀ ಮರಳು, ಜೇಡಿ ಮುಚ್ಚಿದರೆ ಹವಳ ದಿನಗಟ್ಟಲೆ ತಡೆದುಕೊಳ್ಳುತ್ತದೆ. ಅದೇ ಕೊಳೆತ ಎಲೆ, ಕೊಳಚೆ ಬೆರೆತ ಮಣ್ಣಾದರೆ ಒಂದು ದಿನ ಸಾಕು. ಮಣ್ಣಿನಡಿ ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸಿ, ಆಮ್ಲ ಹುಟ್ಟಿಸಿ, ಆಮೇಲೆ ಕೊಳೆತ ಮೊಟ್ಟೆ ವಾಸನೆಯ ಅನಿಲ ಬಿಟ್ಟು ಚರ್ಮವನ್ನೇ ಕರಗಿಸುತ್ತವೆ. ನಮ್ಮ ಹಳ್ಳದ ಕಥೆಯೇ, ಒಂದು ಮಿಲಿಮೀಟರ್ ಜಾಗದಲ್ಲಿ.

ಹಾಗಂತ ಕದಡಿದ ನೀರೆಲ್ಲ ಹವಳಕ್ಕೆ ಶತ್ರು ಅಂತಲೂ ಅಲ್ಲ. ಗುಜರಾತಿನ ಕಛ್ ಕೊಲ್ಲಿಯ ನೀರು ಯಾವಾಗಲೂ ಕದಡಿದ್ದೇ, ಆದರೂ ಅಲ್ಲಿ ಗಟ್ಟಿ ಜಾತಿಯ ಹವಳ ಬದುಕಿದೆ. ಕೆಲವು ಕಡೆ ಕದಡಿದ ನೀರು ಬಿಸಿಲಿಗೆ ನೆರಳಾಗಿ ಬಿಳಿಚೋದು ಕಡಿಮೆಯೂ ಆಗಿದೆ. ಸಿಲ್ವರ್ ಓಕ್ ಕೆಳಗಿನ ಕಾಫಿ ಥರ ಅನ್ನಿ. ಆದರೆ ತಿಳಿನೀರಿಗೆ ಹೊಂದಿಕೊಂಡ ಹವಳದ ಮೇಲೆ ಇದ್ದಕ್ಕಿದ್ದಂತೆ ಮಣ್ಣು ಸುರಿದರೆ ಆ ನೆರಳು ಉಪಯೋಗಕ್ಕೆ ಬರಲ್ಲ.

ಮೂರನೆಯದು ಗೊಬ್ಬರ. ಇದು ನಿಮಗೆ ತಕ್ಷಣ ಅರ್ಥವಾಗುತ್ತದೆ. ಬರೀ ಯೂರಿಯಾ ಹಾಕಿದ ಗಿಡ ಸೊಪ್ಪು ಬಿಟ್ಟುಕೊಂಡು ನಿಲ್ಲುತ್ತದಲ್ಲ, ಕಾಯಿ ಮಾತ್ರ ಇರಲ್ಲ? ಹವಳದೊಳಗಿನ ಪಾಚಿಯೂ ಹಾಗೇ. ನೀರಿನಲ್ಲಿ ಸಾರಜನಕ ಜಾಸ್ತಿಯಾದರೆ ಅದು ತನ್ನ ಸಂತಾನ ಬೆಳೆಸೋದರಲ್ಲೇ ಮುಳುಗುತ್ತದೆ. ಸಾರಜನಕ ಇದೆ, ರಂಜಕ ಸಾಕಾಗಲ್ಲ ಅನ್ನೋ ಸ್ಥಿತಿ ಇನ್ನೂ ಕೆಟ್ಟದ್ದು. ಆಗ ಪಾಚಿಯ ಮೈ ದುರ್ಬಲವಾಗಿ ಕಡಿಮೆ ಬಿಸಿಗೇ ಹವಳ ಬಿಳಿಚುತ್ತದೆ. ಇದು ಪ್ರಯೋಗದಲ್ಲೂ ಗೊತ್ತಾಗಿದೆ, ಸಮುದ್ರದಲ್ಲೂ. ಅಮೆರಿಕದ ಫ್ಲೋರಿಡಾದಲ್ಲಿ ಲೂ ಕೀ ಅನ್ನೋ ದಿಬ್ಬವನ್ನು ಮೂರು ದಶಕ ಅಳೆದರು. 1984ರಲ್ಲಿ ನೆಲದ ಸುಮಾರು 33% ಹವಳ ಹೊದ್ದಿತ್ತು, 2008ಕ್ಕೆ 6%ಗಿಂತ ಕೆಳಗೆ. ಅಷ್ಟರಲ್ಲಿ ನೀರಿನಲ್ಲಿ ರಂಜಕಕ್ಕೆ ಹೋಲಿಸಿದರೆ ಸಾರಜನಕ ಏರುತ್ತಲೇ ಹೋಗಿತ್ತು.

ಗೊಬ್ಬರಕ್ಕೆ ಇನ್ನೂ ಎರಡು ಕೈಗಳಿವೆ. ಹವಳದ ಹೊರಗೆ ಬೆಳೆಯುವ ಪಾಚಿ, ಅಂದರೆ ನಿಮ್ಮ ನೆಂಟರ ಫೋಟೋದಲ್ಲಿರೋದು, ಅದೂ ಹುಲುಸಾಗುತ್ತದೆ. ಆಸ್ಟ್ರೇಲಿಯಾದಲ್ಲಂತೂ ಗೊಬ್ಬರ ಹರಿದ ಕಡೆ ತೇಲುವ ಸೂಕ್ಷ್ಮ ಸಸ್ಯ ಜಾಸ್ತಿಯಾಗಿ, ಅದನ್ನು ತಿಂದು ಮುಳ್ಳಿನ ಕಿರೀಟದ ನಕ್ಷತ್ರಮೀನಿನ ಮರಿಗಳು ಲೆಕ್ಕವಿಲ್ಲದಷ್ಟು ಬದುಕಿಕೊಳ್ಳುತ್ತವೆ ಅಂತ ಅನೇಕ ವಿಜ್ಞಾನಿಗಳು ಹೇಳುತ್ತಾರೆ. ದೊಡ್ಡದಾದ ಮೇಲೆ ಅವು ತಿನ್ನೋದು ಹವಳವನ್ನೇ. 1985ರಿಂದ 2012ರವರೆಗೆ ಗ್ರೇಟ್ ಬ್ಯಾರಿಯರ್ ರೀಫ್ ತನ್ನ ಹವಳದ ಅರ್ಧದಷ್ಟು ಕಳೆದುಕೊಂಡಿತು. ಆ ನಷ್ಟದಲ್ಲಿ ಸುಮಾರು 42% ಈ ನಕ್ಷತ್ರಮೀನಿನ ಪಾಲು, ಬಿಳಿಚುವಿಕೆಯದ್ದು ಆಗ ಇನ್ನೂ 10% ಮಾತ್ರ.

ಮನುಷ್ಯರ ಕಕ್ಕಸಿನಿಂದ ಹವಳಕ್ಕೆ ಕಾಯಿಲೆ ಬರುತ್ತದೆ ಅಂದರೆ ನಗಬೇಡಿ. ಕೆರಿಬಿಯನ್ ಕಡೆಯ ಒಂದು ಹವಳಕ್ಕೆ ಬರುವ ಬಿಳಿ ಮಚ್ಚೆ ರೋಗದ ಬ್ಯಾಕ್ಟೀರಿಯಾ ಬಂದಿದ್ದು ಕೊಳಚೆ ನೀರಿನಿಂದಲೇ. ಸನ್‌ಸ್ಕ್ರೀನ್ ಬಗ್ಗೆಯೂ ಜನ ಕೇಳುತ್ತಾರೆ. ಹವಾಯಿಯಲ್ಲಿ 2021ರಿಂದ ಕೆಲವು ಬಗೆಯ ಸನ್‌ಸ್ಕ್ರೀನ್ ಮಾರೋ ಹಾಗಿಲ್ಲ. ತೋಳಿನ ಅಂಗಿ ಹಾಕಿಕೊಂಡು ಇಳಿದರೆ ಒಳ್ಳೆಯದೇ, ಆದರೆ ಬಿಸಿ, ಹೂಳು, ಕೊಳಚೆ ಮುಂದೆ ಅದು ಸಣ್ಣ ವಿಷಯ ಅಂತ ನನ್ನ ಅಭಿಪ್ರಾಯ.

ಇಷ್ಟು ಹೇಳಿದ್ದು ಇರುವ ಹವಳದ ಕಥೆ. ನನಗೆ ಇದಕ್ಕಿಂತ ಮುಖ್ಯ ಅನಿಸೋದು ಬರಬೇಕಾದ ಹವಳದ ಕಥೆ. ಹೂಮಳೆ ಬಿದ್ದು ಎಂಟು, ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲ ಬೆಳ್ಳಗೆ ಅರಳುತ್ತದಲ್ಲ, ಹವಳವೂ ಹಾಗೇ. ವರ್ಷದಲ್ಲಿ ಕೆಲವೇ ರಾತ್ರಿ, ಬಹಳ ಕಡೆ ಹುಣ್ಣಿಮೆ ಕಳೆದ ಕೆಲವು ದಿನಕ್ಕೆ, ಒಂದೇ ಜಾತಿಯ ಹವಳಗಳೆಲ್ಲ ಒಟ್ಟಿಗೆ ಮೊಟ್ಟೆ, ವೀರ್ಯದ ಉಂಡೆ ಬಿಡುತ್ತವೆ. ಗುಲಾಬಿ ಬಣ್ಣದ ಸಾಬಕ್ಕಿ ನೀರಿನಲ್ಲಿ ಮೇಲೇರುತ್ತಿರುವ ಹಾಗೆ ಕಾಣುತ್ತದೆ. ಅವು ಮೇಲಕ್ಕೆ ಹೋಗಿ ಒಡೆದು, ಅಲ್ಲೇ ಬೆರೆಯಬೇಕು. ಹೂ ಅರಳಿದ ದಿನವೇ ಮಳೆ ಹೊಡೆದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಹೂ ನೆಂದು ಕಾಯಿ ಕಟ್ಟಲ್ಲ. ಪ್ರವಾಹದ ನೀರು ಉಪ್ಪುನೀರಿಗಿಂತ ಹಗುರ, ಸಮುದ್ರದ ಮೇಲ್ಪದರದಲ್ಲೇ ಹರಡುತ್ತದೆ. ಮೊಟ್ಟೆ ತೇಲೋದೂ ಅದೇ ಪದರದಲ್ಲಿ. ಹೂಳು, ಗೊಬ್ಬರ ಎಲ್ಲ ನೇರವಾಗಿ ಅಲ್ಲಿಗೇ ಬಂದು ಸೇರುತ್ತವೆ.

ತಾಮ್ರದ ಮಾತು ಇಲ್ಲೇ ಬರುತ್ತದೆ, ನೀವು ಔಷಧಿ ಅಂದಿದ್ದಕ್ಕೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಲೀಟರಿಗೆ 20 ಮೈಕ್ರೋಗ್ರಾಂ ಆಸುಪಾಸು ತಾಮ್ರ ಇದ್ದರೆ ಕೆಲವು ಜಾತಿಯ ಹವಳದ ಮೊಟ್ಟೆಗಳಲ್ಲಿ ಅರ್ಧದಷ್ಟು ಫಲವಾಗೋದೇ ಇಲ್ಲ. 50,000 ಲೀಟರಿನ ತೊಟ್ಟಿಗೆ ಒಂದು ಗ್ರಾಂ, ಅಷ್ಟೇ. ಗಾಬರಿಯಾಗಬೇಡಿ, ನಿಮ್ಮ ತೋಟದ ತಾಮ್ರದಲ್ಲಿ ಬಹುಪಾಲು ನಿಮ್ಮ ಮಣ್ಣಿಗೇ ಅಂಟಿಕೊಂಡು ಉಳಿಯುತ್ತದೆ. ಅದು ಮಣ್ಣಿಗೆ ಮಾಡುವ ತೊಂದರೆ ಬೇರೆ ವಿಷಯ.

ಫಲವಾದ ಮರಿ ಕೆಲವು ದಿನ ತೇಲಿ ಕೆಳಗಿಳಿಯುತ್ತದೆ. ಕೂರೋಕೆ ಗಟ್ಟಿ ಜಾಗ ಬೇಕು. ಬಂಡೆಯ ಮೇಲೆ ಗುಲಾಬಿ ಬಣ್ಣ ಬಳಿದ ಹಾಗೆ ಬೆಳೆಯುವ ಒಂದು ಸುಣ್ಣದ ಪಾಚಿ ಇದೆ, ಅದರ ವಾಸನೆ ಹಿಡಿದು ಬಂದು ಕೂರುವ ಜಾತಿಗಳು ಬಹಳ. ಆ ಬಂಡೆಯ ಮೇಲೆ ಮನೆಯ ಟಿವಿ ಮೇಲೆ ಕೂತಿರುವಷ್ಟು ತೆಳು ಧೂಳು ಇದ್ದರೂ ಮರಿ ಕೂರಲ್ಲ. ಕೂತರೂ ಉಳಿಯಲ್ಲ. ದೊಡ್ಡ ಹವಳಕ್ಕೆ ಏನೂ ಅನಿಸದ ಹೂಳು ಮರಿಗೆ ಸಮಾಧಿ. ಹಾಗಾಗಿಯೇ ಕೆಲವು ದಿಬ್ಬಗಳು ನೋಡೋಕೆ ಚೆನ್ನಾಗಿರುತ್ತವೆ, ಮುದುಕರು ಮಾತ್ರ ಉಳಿದ ಊರಿನ ಹಾಗೆ. ಒಂದು ಬಿಸಿ ಅಲೆ ಬಂದರೆ ಖಾಲಿ.

ನೀರು ಸರಿ ಮಾಡಿದರೆ ಬರುತ್ತಾ ಅನ್ನೋದಕ್ಕೆ ಹವಾಯಿಯ ಕನಿಯೋಹೆ ಕೊಲ್ಲಿಯ ಉದಾಹರಣೆ ಇದೆ. ಅಲ್ಲಿ ಊರಿನ ಕೊಳಚೆ ವರ್ಷಗಟ್ಟಲೆ ಕೊಲ್ಲಿಗೇ ಬೀಳುತ್ತಿತ್ತು. ಗುಳ್ಳೆ ಗುಳ್ಳೆಯಂಥ ಹಸಿರು ಪಾಚಿ ಹವಳವನ್ನು ಕಂಬಳಿ ಥರ ಮುಚ್ಚಿತ್ತು. 1977-78ರಲ್ಲಿ ಕೊಳವೆಯನ್ನು ಆಳ ಸಮುದ್ರಕ್ಕೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಪಾಚಿ ಇಳಿಯಿತು, ಹವಳ ಏರಿತು. ಆಮೇಲೆ ಏರಿಳಿತ ಆಗಿದೆ, ಕಥೆ ನೇರವಾಗಿ ಮುಗಿದಿಲ್ಲ. 2015ರ ಬಿಸಿ ಅಲೆಯ ನಂತರ ಹವಾಯಿಯದ್ದೇ ಇನ್ನೊಂದು ಅಧ್ಯಯನ, 2023ರಲ್ಲಿ ಬಂದಿದ್ದು, ಇನ್ನೂ ಸ್ಪಷ್ಟವಾಗಿ ಹೇಳಿತು. ನೆಲದಿಂದ ಬರುವ ಕೊಳೆಯನ್ನೂ ತಗ್ಗಿಸಿ, ಪಾಚಿ ಮೇಯುವ ಮೀನನ್ನೂ ಉಳಿಸಿದರೆ, ಒಂದನ್ನೇ ಮಾಡಿದ್ದಕ್ಕಿಂತ 3ರಿಂದ 6 ಪಟ್ಟು ಹೆಚ್ಚು ಸಾಧ್ಯತೆ ದಿಬ್ಬ ನಾಲ್ಕು ವರ್ಷದ ನಂತರವೂ ಚೆನ್ನಾಗಿರೋಕೆ. ಗಿಳಿಮೀನಿನಂಥ ಪಾಚಿ ಮೇಯುವ ಮೀನು ಇಲ್ಲದೆ ಬರೀ ನೀರು ಶುದ್ಧ ಮಾಡಿದರೂ ಅರ್ಧ ಕೆಲಸ.

ಇನ್ನು ಕಡಮತ್. ನದಿ ಇಲ್ಲ, ನಿಜ. ಆದರೆ ದ್ವೀಪದ ಅಗಲ ಎಷ್ಟು ಗಮನಿಸಿದ್ದೀರಾ? ಅತಿ ಅಗಲ ಇರುವ ಕಡೆಯೂ ಅರ್ಧ ಕಿಲೋಮೀಟರಿನ ಆಸುಪಾಸು. ಅಡಿಯಲ್ಲಿ ಇರೋದು ಹವಳದ ಮರಳು, ಜರಡಿ ಥರ. ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿದೆ. ಮನೆಯ ಶೌಚದ ಗುಂಡಿಯಿಂದ ಇಂಗಿದ್ದು ಆ ನೀರಿಗೆ, ಅಲ್ಲಿಂದ ನಿಧಾನವಾಗಿ ಲಗೂನಿಗೆ, ಅಂದರೆ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳ ಕಡಿಮೆಯ ನೀರಿಗೆ. ದೋಣಿ ದಾರಿಗೆ ಹೂಳು ತೆಗೆದರೆ ಮರಳು ಏಳುತ್ತದೆ. ನೀರು ಗಾಜಿನ ಹಾಗೆ ಕಾಣೋದಕ್ಕೂ ಅದರಲ್ಲಿ ಕರಗಿದ ಸಾರಜನಕಕ್ಕೂ ಸಂಬಂಧ ಇಲ್ಲ, ನಿಮ್ಮ ಬಾವಿ ನೀರೂ ತಿಳಿಯಾಗೇ ಇರುತ್ತದಲ್ಲ. ಆದರೂ ನೀವು ಹೇಳಿದ ಪಾಚಿಗೆ ಇದೇ ಕಾರಣ ಅಂತ ಫೋಟೋ ವಿವರಣೆ ಕೇಳಿ ನಾನು ಹೇಳೋಕೆ ಆಗಲ್ಲ. ಆಳ, ಅಲೆಯ ಹೊಡೆತ, ಯಾವ ಜಾತಿ, ಇವೆಲ್ಲ ಸೇರುತ್ತವೆ. ಕವಲು ಕವಲಾಗಿ ಬೆಳೆಯುವ ಜಾತಿ ಬೇಗ ಸಾಯುತ್ತದೆ, ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆದು ಬೇಗ ವಾಪಸ್ಸೂ ಬರುತ್ತದೆ. ಗುಂಡುಕಲ್ಲಿನಂಥದ್ದು ಬೆಳೆಯೋದು ವರ್ಷಕ್ಕೆ ಒಂದು ಸೆಂಟಿಮೀಟರ್. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ನೋಡುತ್ತಾ ಬಂದಿದ್ದಾರೆ. 1998, 2010, 2016ರ ಮೂರು ಬಿಸಿ ಅಲೆ ದಾಟುವಷ್ಟರಲ್ಲಿ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎರಡು ಪೆಟ್ಟಿನ ನಡುವೆ ಚೇತರಿಸಿಕೊಳ್ಳೋಕೆ ಸಮಯವೇ ಸಿಗುತ್ತಿಲ್ಲ. ಸಿಕ್ಕ ಅಷ್ಟು ವರ್ಷದಲ್ಲಿ ಎಷ್ಟು ಬೇಗ ಬೆಳೆಯುತ್ತದೆ ಅನ್ನೋದು ನೀರಿನ ಕೈಯಲ್ಲಿದೆ, ಅದಕ್ಕೇ ಇಷ್ಟುದ್ದ ಬರೆದೆ.

ನಿಮ್ಮ ಹೇಮಾವತಿಯ ಪ್ರಶ್ನೆಗೆ ಉತ್ತರ ಚಿಕ್ಕದು. ತೊಂದರೆ ಇಲ್ಲ ಅನ್ನುವಷ್ಟು ಕಡಿಮೆ. ಹೇಮಾವತಿ ಪೂರ್ವಕ್ಕೆ ಹೋಗಿ ಗೊರೂರು, ಕೆಆರ್‌ಎಸ್, ಮೆಟ್ಟೂರು ದಾಟಬೇಕು. ಹೂಳು ಅಣೆಕಟ್ಟುಗಳಲ್ಲೇ ಕೂರುತ್ತದೆ, ಕಾವೇರಿ ನೀರು ಸಮುದ್ರ ಸೇರೋದೇ ಎಷ್ಟು ಅಂತ ನಿಮಗೂ ಗೊತ್ತು. ಲಕ್ಷದ್ವೀಪ ಇರೋದಂತೂ ಇನ್ನೊಂದು ಸಮುದ್ರದಲ್ಲಿ. ಘಟ್ಟದ ಪಶ್ಚಿಮದ ಇಳಿಜಾರಿನ ನೀರು, ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ ಅಂತ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ ಬೇಗ ತಲುಪುತ್ತದೆ. ಆದರೆ ಅಲ್ಲಿಂದ ಲಕ್ಷದ್ವೀಪ ನೂರಾರು ಕಿಲೋಮೀಟರ್. ಪಲ್ಪರ್ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಬಿಡಿ ಅಂತ ನಾನು ಹೇಳಿದರೆ ಅದು ಹವಳಕ್ಕಾಗಿ ಅಲ್ಲ, ನಿಮ್ಮ ಕೆಳಗಿನ ಮನೆಯವರ ಏಡಿಗಾಗಿ.

ಮುಂದಿನ ಸಲ ಹೋದರೆ ಒಂದು ಕೆಲಸ ಮಾಡಿ. ಸತ್ತ ಹವಳದ ತುಂಡು ತರಬೇಡಿ, ದಿಬ್ಬ ಕಟ್ಟುವ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ. ಫೋಟೋ ತನ್ನಿ. ದೊಡ್ಡ ಬಣ್ಣದ ಹವಳವನ್ನು ಎಲ್ಲರೂ ತೆಗೆಯುತ್ತಾರೆ. ನೀವು ಸತ್ತ ಹವಳದ ಬುಡ ನೋಡಿ, ಸಂದಿ ನೋಡಿ, ಕಾಲು ಊರದೆ ಅಲುಗಾಡದೆ ತೇಲಿಕೊಂಡು. ಒಂದು ರೂಪಾಯಿ ನಾಣ್ಯದಷ್ಟು ಚಪ್ಪಟೆಯಾಗಿ, ಅಂಚಿನಲ್ಲಿ ತಿಳಿ ಬಣ್ಣ ಇರುವ ಮರಿ ಹವಳ ಅಂಟಿಕೊಂಡಿದೆಯಾ ಅಂತ. ಒಂದು ಬಂಡೆಯಲ್ಲಿ ನಾಲ್ಕೈದು ಸಿಕ್ಕರೆ ನನಗೆ ಕಳಿಸಿ, ಎಷ್ಟು ವಯಸ್ಸಿನದು ಅಂತ ಅಂದಾಜು ಹೇಳುತ್ತೇನೆ.